ಆರನೆಯ ಸಾಲಿನವರೆಗೆ

ಭಾಮಿನಿ ಷಟ್ಪದಿಯಲ್ಲಿ ನಾಲ್ಕು ಸಾಲು ಗಿಡ್ಡ, ಎರಡು ಸಾಲು ಉದ್ದ. ಗಿಡ್ಡ ಸಾಲಿಗೆ 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿಗೆ 23. ವಾರ್ಧಕಕ್ಕೆ ಬಂದರೆ ಗಿಡ್ಡ ಸಾಲೇ 20, ಉದ್ದದ್ದು 32. ಕಾಲೇಜಿನಲ್ಲಿ ಛಂದಸ್ಸು ಪಾಠ ಮಾಡುವಾಗ ಹುಡುಗರಿಗೆ ಈ ಲೆಕ್ಕ ಬೇಸರ ತರುತ್ತಿತ್ತು. ಕಾವ್ಯ ಓದುವ ಗಮಕಿಗೆ ಅದು ಎದೆಯೊಳಗಿನ ಅಳತೆ. ನಾನು ಗಮಕ ಕಲಿತದ್ದು ಶಿವಮೊಗ್ಗದ ಬಳಿ, ತುಂಗೆಯ ದಡದ ಊರುಗಳಲ್ಲಿ. ಹೊಸಹಳ್ಳಿ, ಮತ್ತೂರುಗಳಲ್ಲಿ ಕುಮಾರವ್ಯಾಸ ಇವತ್ತಿಗೂ ಮನೆಮಾತು, ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಸೀಮೆಯವರೆಲ್ಲ ಮನೆಯವರಿಗೇ ಬಂದಂತೆ ಸಂಭ್ರಮಿಸಿದರು. ನನ್ನ ಗುರುಗಳು ಉಸಿರಿನ ಪಾಠವನ್ನು ಬೇರೆಯಾಗಿ ಹೇಳಿಕೊಟ್ಟವರಲ್ಲ. ಅರ್ಥ ಮುಗಿಯುವ ಮುಂಚೆ ಉಸಿರು ಮುಗಿಯಬಾರದು ಎಂದಷ್ಟೇ ಹೇಳುತ್ತಿದ್ದರು.

ಮೊದಲು ಕೈಕೊಟ್ಟದ್ದು ಜೈಮಿನಿ ಭಾರತ. 2016ರ ಸುಮಾರಿಗೆ, ಲಕ್ಷ್ಮೀಶನ ವಾರ್ಧಕದ ಉದ್ದ ಸಾಲಿನ ಕೊನೆಯ ಗಣಕ್ಕೆ ಹೋಗುವಷ್ಟರಲ್ಲಿ ಎದೆ ಬರಿದಾಗತೊಡಗಿತು. ಮೆಟ್ಟಿಲು ಹತ್ತುವಾಗ ಆಗಲಿಲ್ಲ, ನಡೆಯುವಾಗ ಆಗಲಿಲ್ಲ, ಓದುವಾಗ ಆಯಿತು. ವಯಸ್ಸು ಅರವತ್ತು ಸಮೀಪಿಸಿತ್ತು, ಇದು ಸಹಜ ಎಂದೇ ಎಲ್ಲರೂ ಹೇಳಿದರು. ಹಾಗಲ್ಲ ಎಂದವರು ನನ್ನ ಜೊತೆ ವ್ಯಾಖ್ಯಾನ ಮಾಡುತ್ತಿದ್ದ ಮೇಷ್ಟ್ರು. ವಾಚನಕಾರರಿಗೊಬ್ಬರು ವ್ಯಾಖ್ಯಾನಕಾರರಿರುವುದು ಗಮಕದ ಪದ್ಧತಿ: ನಾನು ಪದ್ಯ ಓದಿದರೆ ಅವರು ಅದನ್ನು ಬಿಡಿಸಿ ಹೇಳಬೇಕು. ವರ್ಷಗಟ್ಟಲೆ ಪಕ್ಕದಲ್ಲಿ ಕೂತವರಿಗೆ ನಮ್ಮ ಉಸಿರು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. "ಏನಮ್ಮಾ, ಇತ್ತೀಚೆಗೆ ಆರನೇ ಸಾಲನ್ನ ಓಡಿಸ್ತಾ ಇದ್ದೀಯಲ್ಲ?" ಎಂದು ಒಂದು ದಿನ ಕೇಳಿದರು. ಆಮೇಲೆ ಕೆಮ್ಮು ಬಂತು. ಕಫವಿಲ್ಲದ ಒಣ ಕೆಮ್ಮು. ಆಳವಾಗಿ ಉಸಿರೆಳೆದರೆ ಸಾಕು, ಹೊರಟುಬಿಡುತ್ತಿತ್ತು. ಪದ್ಯ ಶುರುವಾಗುವುದೇ ಆಳವಾದ ಉಸಿರಿನಿಂದ.

ಆ ಕೆಮ್ಮಿಗೆ ಮೊದಲು ಅಲರ್ಜಿ ಎಂದರು, ಇನ್‌ಹೇಲರ್ ಕೊಟ್ಟರು. ನಂತರ ಎಕ್ಸ್‌ರೇಯಲ್ಲಿ ನೆರಳು ಕಂಡಿತು. ನಮ್ಮ ದೇಶದಲ್ಲಿ ಶ್ವಾಸಕೋಶದ ನೆರಳಿಗೆ ಮೊದಲು ಹೊಳೆಯುವ ಹೆಸರು ಕ್ಷಯ. ಕಫದಲ್ಲಿ ಏನೂ ಸಿಗದಿದ್ದರೂ ಕ್ಷಯದ ಗುಳಿಗೆ ಶುರುವಾಯಿತು. ನಾನು ತಟ್ಟೆ ಲೋಟ ಬೇರೆ ಇಟ್ಟುಕೊಂಡೆ, ಮೊಮ್ಮಗನನ್ನು ದೂರವಿಟ್ಟೆ. ಆ ತಿಂಗಳುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಕ್ಷಯ ಇಷ್ಟು ಹರಡಿರುವ ನಾಡಿನಲ್ಲಿ ಅವರು ಯೋಚಿಸಿದ್ದು ಅಸಂಗತವೇನಲ್ಲ. ಆದರೆ ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟು ಎರಡು ನಿಮಿಷ ಕೇಳಿದ್ದರೆ ಅಷ್ಟು ಕಾಲ ವ್ಯರ್ಥವಾಗುತ್ತಿರಲಿಲ್ಲ ಎಂಬ ನೋವು ಇದ್ದೇ ಇದೆ. ಈ ಕಾಯಿಲೆಯಲ್ಲಿ ಕಳೆದದ್ದು ಮರಳಿ ಬರುವುದಿಲ್ಲ.

2018ರಲ್ಲಿ ಆಗುಂಬೆ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಶ್ವಾಸಕೋಶ ತಜ್ಞೆ, ನನ್ನ ಮಗನ ವಯಸ್ಸಿನವರು, ಎಕ್ಸ್‌ರೇ ನೋಡುವ ಮುಂಚೆ ನನ್ನ ಕೈ ಹಿಡಿದು ಉಗುರು ನೋಡಿದರು. ಬೆರಳ ತುದಿ ದಪ್ಪವಾಗಿ ಉಗುರು ಬಾಗಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಆಮೇಲೆ ಬೆನ್ನಿನ ಕೆಳಗೆ ಕೇಳಿದರು. "ಅಮ್ಮ, ನೀವೂ ಕೇಳಿ" ಎಂದು ಸ್ಟೆತಾಸ್ಕೋಪನ್ನು ನನ್ನ ಕಿವಿಗಿಟ್ಟರು. ಪ್ರತಿ ಉಸಿರಿನ ಕೊನೆಗೂ ರಕ್ತದೊತ್ತಡ ನೋಡುವ ಪಟ್ಟಿಯನ್ನು ನಿಧಾನವಾಗಿ ಬಿಚ್ಚುವಾಗಿನ ಚರಚರ ಸದ್ದು. ಅದನ್ನು ವೆಲ್ಕ್ರೋ ಸದ್ದು ಎಂದೇ ವೈದ್ಯರು ಕರೆಯುತ್ತಾರಂತೆ.

ಆಮೇಲೆ ಪ್ರಶ್ನೆಗಳು. ಮನೆಯಲ್ಲಿ ಪಾರಿವಾಳ ಇವೆಯೇ? ಏರ್‌ಕೂಲರ್ ಇದೆಯೇ? ಬೂಸಲು ಹಿಡಿದ ಹುಲ್ಲು, ಗೋಡೆ? ಬೆಳಿಗ್ಗೆ ಕೈಗಂಟು ನೋವು? ಕಣ್ಣು, ಬಾಯಿ ಒಣಗುವುದು? ಮೂತ್ರದ ಸೋಂಕಿಗೋ ಹೃದಯಕ್ಕೋ ಹಿಂದೆ ದೀರ್ಘಕಾಲ ಔಷಧ ತೆಗೆದುಕೊಂಡದ್ದು? ಶ್ವಾಸಕೋಶ ಹೀಗೆ ನಾರುಗಟ್ಟಲು ನೂರಾರು ದಾರಿಗಳಿವೆ. ನಮ್ಮ ದೇಶದ 19 ನಗರಗಳ 27 ಆಸ್ಪತ್ರೆಗಳಲ್ಲಿ 1,084 ರೋಗಿಗಳನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಿಗೆ ಉಸಿರಿನೊಡನೆ ಒಳಹೋದ ಬೂಸಲು, ಹಕ್ಕಿಯ ಹಿಕ್ಕೆಯಂಥವಕ್ಕೆ ಎದೆ ಕೆರಳಿ ಈ ಗತಿ ಬಂದಿತ್ತು. ಅವರಲ್ಲಿ ಸುಮಾರು ಅರ್ಧ ಜನರ ವಿಷಯದಲ್ಲಿ ಬೆರಳು ತೋರಿದ್ದು ಏರ್‌ಕೂಲರಿನ ಕಡೆಗೆ. ಅಂಥ ಕಾರಣ ಸಿಕ್ಕರೆ ಅದರಿಂದ ದೂರ ಸರಿಯುವುದೇ ಅರ್ಧ ಚಿಕಿತ್ಸೆ. ನನ್ನಲ್ಲಿ ಏನೂ ಸಿಗಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ತಳದಲ್ಲಿ, ಅಂಚಿಗೆ, ಜೇನುಗೂಡಿನಂಥ ಕಣ್ಣುಗಳು ಕಂಡವು. ಕಾರಣ ತಿಳಿಯದ ಈ ಬಗೆಗೆ ಐ.ಪಿ.ಎಫ್. ಎನ್ನುತ್ತಾರೆ, ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್. ಒಳಗೆ ಏನಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನನ್ನ ಕಣ್ಣಿಗೆ ಬಂದದ್ದು ಹಿತ್ತಿಲಲ್ಲಿ ಬಲಿತು ಒಣಗಿದ ಹೀರೇಕಾಯಿ: ಎಳೆಯದಿದ್ದಾಗ ಮೃದು, ಬಲಿತರೆ ಬರೀ ನಾರು.

ಸ್ಟೀರಾಯ್ಡ್ ಕೊಟ್ಟರೆ ಕಡಿಮೆಯಾಗುತ್ತದಂತಲ್ಲ ಎಂದು ನಮ್ಮವರು ಕೇಳಿದರು; ಯಾರೋ ಬಂಧುಗಳು ಹೇಳಿದ್ದರು. ಬೇರೆ ಬಗೆಯ ಶ್ವಾಸಕೋಶ ರೋಗಗಳಿಗೆ ಅದು ಸರಿಯಿರಬಹುದು. ಇದಕ್ಕೆ ಹಿಂದೆ ಸ್ಟೀರಾಯ್ಡ್, ಅಜಾಥಯೋಪ್ರಿನ್ ಮತ್ತು ಅಸಿಟೈಲ್‌ಸಿಸ್ಟೀನ್ ಮೂರನ್ನೂ ಸೇರಿಸಿ ಕೊಡುವ ರೂಢಿಯಿತ್ತು. 2012ರಲ್ಲಿ ಅಮೆರಿಕದ ಒಂದು ಪರೀಕ್ಷೆಯಲ್ಲಿ ಅದನ್ನು ತೆಗೆದುಕೊಂಡವರೇ ಹೆಚ್ಚು ಸತ್ತದ್ದು ತಿಳಿದು ಆ ರೂಢಿ ನಿಂತಿತು. ಈಗಿರುವ ಔಷಧಗಳು ಬೇರೆ. ಪಿರ್ಫೆನಿಡೋನ್ 2008ರಲ್ಲಿ ಜಪಾನಿನಲ್ಲಿ ಒಪ್ಪಿಗೆ ಪಡೆದದ್ದು. ಅಮೆರಿಕ ಅದನ್ನೂ ನಿಂಟೆಡಾನಿಬನ್ನೂ 2014ರಲ್ಲಿ ಒಪ್ಪಿತು, ಅಷ್ಟರೊಳಗೆ ಪಿರ್ಫೆನಿಡೋನ್ ನಮ್ಮ ಅಂಗಡಿಗಳಲ್ಲಿ ಸಿಗುತ್ತಿತ್ತು. ಎರಡೂ ಗುಣಪಡಿಸುವುದಿಲ್ಲ. ತಡಮಾಡುತ್ತವೆ. ಒಮ್ಮೆಗೆ ಹೊರಬಿಡಬಲ್ಲ ಒಟ್ಟು ಗಾಳಿ ಔಷಧವಿಲ್ಲದೆ ವರ್ಷಕ್ಕೆ ಸುಮಾರು 200 ಮಿಲಿಲೀಟರ್ ಕುಸಿಯುವುದಾದರೆ, ಔಷಧದಿಂದ ಕುಸಿತ ಅದರ ಅರ್ಧಕ್ಕೆ ಇಳಿಯುತ್ತದೆ. ಡಾಕ್ಟರು ಇದನ್ನು ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಎರಡೂ ಇಳಿಯುವ ಗೆರೆಗಳೇ. ಆ ಎರಡು ಗೆರೆಗಳ ನಡುವಿನ ಜಾಗವೇ ನನಗೆ ಸಿಕ್ಕಿರುವ ಆಯುಷ್ಯ, ಅದನ್ನು ಪೂರ್ತಿ ಪಡೆದುಕೊಳ್ಳಬೇಕು ಎಂದು ಅಂದೇ ನಿಶ್ಚಯಿಸಿದೆ.

ಪಡೆದುಕೊಳ್ಳುವುದು ಹೊಟ್ಟೆಯ ಕೆಲಸವಾಯಿತು. ಪಿರ್ಫೆನಿಡೋನನ್ನು 200 ಮಿಲಿಗ್ರಾಂನಿಂದ ಶುರುಮಾಡಿ, ವಾರಕ್ಕೊಂದು ಮೆಟ್ಟಿಲಿನಂತೆ 600ರವರೆಗೆ ಏರಿಸಿದರು, ದಿನಕ್ಕೆ ಮೂರು ಹೊತ್ತು. ಖಾಲಿ ಹೊಟ್ಟೆಗೆ ತೆಗೆದುಕೊಂಡರೆ ತಲೆಸುತ್ತು, ಓಕರಿಕೆ. ನಾನು ಮದುವೆಯಾದಂದಿನಿಂದ ಏಕಾದಶಿ ಬಿಟ್ಟವಳಲ್ಲ. ಅತ್ತೆಯವರು ಆಗ ಇದ್ದರು, ತೊಂಬತ್ತರ ಹತ್ತಿರ. ಅವರೇ ಏಕಾದಶಿಯ ದಿನ ಬೆಳಿಗ್ಗೆ ಎದ್ದು, ಉಪ್ಪಿಟ್ಟು ಮಾಡಿ ತಟ್ಟೆ ನನ್ನ ಮುಂದಿಟ್ಟು, "ತಿನ್ನು. ನಿನ್ನ ಉಪವಾಸ ನಾನು ಮಾಡ್ತೀನಿ" ಎಂದರು. ಊಟದ ನಡುವೆ ಗುಳಿಗೆ, ಮೇಲೆ ಮತ್ತೆರಡು ತುತ್ತು ಮೊಸರನ್ನ; ಹಾಗೆ ತೆಗೆದುಕೊಂಡರೆ ನಿಲ್ಲುತ್ತದೆ ಎಂದು ಕಂಡುಕೊಂಡೆವು. ಬಿಸಿಲು ಇನ್ನೊಂದು ತೊಂದರೆ. ಈ ಗುಳಿಗೆಯಿಂದ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪಾಗುತ್ತದೆ. ಉದ್ದ ತೋಳಿನ ರವಿಕೆ ಹೊಲಿಸಿದೆ, ಮುಖಕ್ಕೆ ಸನ್‌ಸ್ಕ್ರೀನ್ ಬಳಿದೆ, ಮಳೆಗಾಲ ಮುಗಿದರೂ ಕೊಡೆ ಮಡಿಸಲಿಲ್ಲ. ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಯಕೃತ್ತಿನ ರಕ್ತಪರೀಕ್ಷೆ. ಸಿಪ್ರೊಫ್ಲಾಕ್ಸಾಸಿನ್ ಈ ಔಷಧದೊಂದಿಗೆ ಕೂಡಿಬರುವುದಿಲ್ಲ; ಜ್ವರ, ಭೇದಿ ಎಂದರೆ ಸುಲಭವಾಗಿ ಬರೆದುಕೊಡುವ ಗುಳಿಗೆ ಅದು. ಹಾಗಾಗಿ ಯಾವ ಡಾಕ್ಟರ ಬಳಿ ಹೋದರೂ ಮೊದಲು ನನ್ನ ಪರ್ಸಿನಲ್ಲಿರುವ ಚೀಟಿ ತೋರಿಸುತ್ತೇನೆ. ತೂಕ ಇಳಿಯುತ್ತಲೇ ಹೋದದ್ದರಿಂದ 2020ರಲ್ಲಿ ನಿಂಟೆಡಾನಿಬ್‌ಗೆ ಬದಲಾಯಿಸಿದರು. ಅದರಲ್ಲಿ ಓಕರಿಕೆ ಕಡಿಮೆ, ಭೇದಿ ಹೆಚ್ಚು. ವಾಚನವಿರುವ ದಿನ ಹಾಲು, ಖಾರ, ಕಾಳುಗಳನ್ನು ಬಿಟ್ಟು ಗಂಜಿ, ಬಾಳೆಹಣ್ಣು. ಇದನ್ನೆಲ್ಲ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ. ಎಷ್ಟೋ ಜನ ಈ ಔಷಧಗಳನ್ನು ಮೂರನೆಯ ತಿಂಗಳಿಗೇ ಬಿಟ್ಟುಬಿಡುವುದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿದ್ದೇನೆ. ಬಿಡುವ ಮುಂಚೆ ಪ್ರಮಾಣ ಇಳಿಸಲು ಬರುತ್ತದೆಯೇ, ಬೇರೆಯದಕ್ಕೆ ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ ಎಂದು ಕೈಮುಗಿದು ಹೇಳುತ್ತೇನೆ.

ಈ ನಡುವೆ ಓದುವುದು ಹೇಗೆ? ಸಂಗೀತಗಾರ್ತಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕಿತ್ತು. ಗಮಕಕ್ಕೆ ರಾಗವಿದೆ, ತಾಳದ ಕಟ್ಟಿಲ್ಲ. ಪದ್ಯವನ್ನು ಅರ್ಥಕ್ಕೆ ತಕ್ಕಂತೆ ಬಿಡಿಸಿ ಓದುವ ಸ್ವಾತಂತ್ರ್ಯ ಗಮಕಿಗಿದೆ. ಆ ಸ್ವಾತಂತ್ರ್ಯವನ್ನು ನಾನು ಆವರೆಗೆ ಪೂರ್ತಿ ಬಳಸಿರಲಿಲ್ಲ, ಬಳಸುವ ಅಗತ್ಯವೇ ಬಿದ್ದಿರಲಿಲ್ಲ. ಈಗ ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು, ಪ್ರತಿ ಪದ್ಯದಲ್ಲೂ ಎಲ್ಲಿ ನಿಲ್ಲಬಹುದು ಎಂದು ಗುರುತು ಹಾಕತೊಡಗಿದೆ. ಕುಮಾರವ್ಯಾಸನ ಮಾತು ಸಾಲಿನ ಕೊನೆಗೆ ಮುಗಿಯುವುದೇ ಇಲ್ಲ, ಮುಂದಿನ ಸಾಲಿಗೆ ಹರಿಯುತ್ತದೆ, ಅಲ್ಲಿ ನಡುವೆ ತಟ್ಟನೆ ನಿಲ್ಲುತ್ತದೆ. ಯಾರೋ ಯಾರನ್ನೋ ಕರೆಯುವ ಕಡೆ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಕಡೆ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ಕಡೆ ನಿಲ್ಲಬಹುದು. ಸಮಾಸದ ನಡುವೆ ಕೂಡದು. ಎಳೆಯ ವಯಸ್ಸಿನಲ್ಲಿ 23 ಮಾತ್ರೆಗಳನ್ನು ಒಂದೇ ಉಸಿರಿಗೆ ದಾಟುವ ಹುಮ್ಮಸ್ಸಿನಲ್ಲಿ ನಾನು ಎಷ್ಟು ಪ್ರಶ್ನೆಗಳನ್ನು, ಎಷ್ಟು ಅಳುಕುಗಳನ್ನು ತುಳಿದು ಓಡಿದ್ದೆನೋ! ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ತಿಳಿಸಿದ ಮೇಲೆ ಕರ್ಣನ ಒಳಗು ತೊಳಲುವ ಭಾಗವನ್ನು ಹಾಗೆ ತಡೆತಡೆದು ಓದಿದ ಮೊದಲ ಸಲ ಮೇಷ್ಟ್ರು ವ್ಯಾಖ್ಯಾನ ಶುರುಮಾಡದೆ ಸುಮ್ಮನೆ ಕೂತರು. ಕಾಯಿಲೆ ಒಳ್ಳೆಯದನ್ನು ಮಾಡಿತು ಎಂದು ನಾನು ಹೇಳಲಾರೆ. ಈ ಕಾಯಿಲೆಯಲ್ಲಿ ಒಳ್ಳೆಯದೇನೂ ಇಲ್ಲ. ಉಸಿರಿದ್ದಾಗಲೇ ಹಾಗೆ ಓದಲು ಕಲಿತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮೇಷ್ಟ್ರು ಮಾಡಿದ್ದನ್ನೂ ಹೇಳಬೇಕು. ಅವರ ವ್ಯಾಖ್ಯಾನ ಉದ್ದವಾಗತೊಡಗಿತು. ಮೊದಲು ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಪದ್ಯಕ್ಕೆ ಈಗ ಮೂಲ ಸಂಸ್ಕೃತದಲ್ಲಿ ಏನಿದೆ, ಪಂಪ ಏನು ಮಾಡಿದ, ಊರಿನಲ್ಲಿ ಯಾವ ಗಾದೆ ಇದೆ ಎಲ್ಲ ಬರುತ್ತಿತ್ತು. ಮಾತಾಡುತ್ತ ಓರೆಗಣ್ಣಿನಿಂದ ನನ್ನ ಬೆರಳಿನಲ್ಲಿದ್ದ ಪಲ್ಸ್ ಆಕ್ಸಿಮೀಟರ್ ನೋಡುವರು. ಅಂಕಿ 92 ದಾಟಿದ ಮೇಲೆ ಮಾತು ಮುಗಿಯುತ್ತಿತ್ತು. ಸಭೆಯವರಿಗೆ ಇದು ತಿಳಿಯಲಿಲ್ಲ. ಮೇಷ್ಟ್ರಿಗೆ ವಯಸ್ಸಾಯಿತು, ಮಾತು ಜಾಸ್ತಿಯಾಯಿತು ಎಂದುಕೊಂಡರು. ಹಾಗೇ ಅಂದುಕೊಳ್ಳಲಿ ಎಂದು ಮೇಷ್ಟ್ರೂ ಬಿಟ್ಟರು.

ಆ ಪುಟ್ಟ ಯಂತ್ರ ಜಪಾನಿನ ತಕುವೊ ಅಒಯಾಗಿ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಕಂಡುಹಿಡಿದ ಉಪಾಯದ ಮೇಲೆ ನಡೆಯುತ್ತದೆ: ಆಮ್ಲಜನಕ ತುಂಬಿದ ರಕ್ತದ ಕೆಂಪು ಬೇರೆ, ಇಲ್ಲದ್ದರ ಕೆಂಪು ಬೇರೆ. ಬೆರಳಿನ ಮೂಲಕ ಬೆಳಕು ಹಾಯಿಸಿ ಆ ವ್ಯತ್ಯಾಸ ಅಳೆಯುತ್ತದೆ. ಚಳಿಗಾಲದ ಬೆಳಿಗ್ಗೆ ನಮ್ಮೂರಿನಲ್ಲಿ ಬೆರಳು ತಣ್ಣಗಿದ್ದರೆ 84 ಎಂದು ಹೆದರಿಸುತ್ತದೆ. ಅಂಗೈ ಉಜ್ಜಿ ಬಿಸಿಮಾಡಿದರೆ ನಿಜವಾದ ಅಂಕಿ ಬರುತ್ತದೆ. ಕೂತಾಗ ಸರಿಯಿದ್ದು ನಡೆದಾಗ ಕುಸಿಯುವುದು ಈ ಕಾಯಿಲೆಯ ಗುಣ. ಅದಕ್ಕೇ ಆಸ್ಪತ್ರೆಯ ಉದ್ದ ಓಣಿಯಲ್ಲಿ ಆರು ನಿಮಿಷ ನಡೆಸಿ ನೋಡುತ್ತಾರೆ. 2021ರ ಆರಂಭದಲ್ಲಿ ಆ ನಡಿಗೆಯಲ್ಲಿ ನನ್ನ ಅಂಕಿ 88ಕ್ಕಿಂತ ಕೆಳಗಿಳಿಯಿತು. ಮನೆಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಬಂತು.

ಅದು ಬಂದ ಕೆಲವೇ ವಾರಗಳಲ್ಲಿ ಕೋವಿಡ್‌ನ ಎರಡನೆಯ ಅಲೆ. ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ಜನ ಸತ್ತ ಸುದ್ದಿ ಟಿ.ವಿ.ಯಲ್ಲಿ ಬರುತ್ತಿರುವಾಗ ನಮ್ಮ ಹಜಾರದಲ್ಲಿ ಒಂದು ಯಂತ್ರ, ಅಡುಗೆಮನೆಯ ಪಕ್ಕ ಒಂದು ಜಂಬೋ ಸಿಲಿಂಡರ್ ಇದ್ದವು. ಬೀದಿಯ ಕೊನೆಯ ಮನೆಯ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ರಾತ್ರಿ ಬಂದು ಗೇಟಿನ ಹೊರಗೇ ನಿಂತ. ಅವನ ತಂದೆಗೆ ಹಾಸಿಗೆ ಸಿಕ್ಕಿರಲಿಲ್ಲ. ಸಿಲಿಂಡರಿನಲ್ಲಿ 7,000 ಲೀಟರ್. ನಿಮಿಷಕ್ಕೆ ಎರಡು ಲೀಟರಿನಂತೆ ಎರಡು ದಿನ ದಾಟುತ್ತದೆ, ಕೋವಿಡ್ ರೋಗಿಗೆ ಹತ್ತು ಲೀಟರ್ ಬೇಕಾದರೆ ಹನ್ನೆರಡು ಗಂಟೆಯೂ ಬಾರದು. ನಮ್ಮವರು ಮೆಸ್ಕಾಂನಿಂದ ನಿವೃತ್ತರು, ಲೆಕ್ಕ ಅವರಿಗೆ ಬೆರಳ ತುದಿಯಲ್ಲಿ. ಕರೆಂಟು ಹೋದರೆ ನನ್ನ ಗತಿ ಏನು ಎಂಬ ಲೆಕ್ಕವೂ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ. ಸಿಲಿಂಡರ್ ಹೋಯಿತು. ಬೆಳಗಿನ ಜಾವ ಹಾಸಿಗೆ ಸಿಕ್ಕಿತು, ಅವನ ತಂದೆ ಉಳಿದರು. ಉಳಿಯದಿದ್ದರೂ ಕೊಟ್ಟದ್ದು ಸರಿಯೇ.

ಆಮ್ಲಜನಕ ಬಂದ ಮೇಲೆ ಮನೆಯ ವಿನ್ಯಾಸವೇ ಬದಲಾಯಿತು. ಯಂತ್ರ ಮುನ್ನೂರೈವತ್ತು ವಾಟಿನಷ್ಟು ಎಳೆಯುತ್ತದೆ, ಯು.ಪಿ.ಎಸ್. ಬ್ಯಾಟರಿ ನಾಲ್ಕು ಗಂಟೆಗೆ ಸುಸ್ತು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎಷ್ಟು ಹೊತ್ತು ಎಂದು ಯಾರೂ ಹೇಳಲಾರರು. ಇವರು ಇನ್ನೊಂದು ಬ್ಯಾಟರಿ ಜೋಡಿಸಿ, ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಕಟ್ಟಿ, ತೇವದ ಬಾಟಲಿಗೆ ಕುದಿಸಿ ಆರಿಸಿದ ನೀರು ತುಂಬುವುದನ್ನು ನಿತ್ಯಕರ್ಮ ಮಾಡಿಕೊಂಡರು. ಎಲ್ಲಕ್ಕಿಂತ ಕಷ್ಟವಾದದ್ದು ದೀಪ. ಆಮ್ಲಜನಕದ ಹತ್ತಿರ ಬೆಂಕಿ ಕೂಡದು, ಹತ್ತಡಿಯಾದರೂ ದೂರವಿರಬೇಕು. ಮೂಗಿನ ಸುತ್ತ ಚರ್ಮ ಒಣಗಿದರೂ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚುವಂತಿಲ್ಲ. ಐವತ್ತು ವರ್ಷ ಬೆಳಿಗ್ಗೆ ಸಂಜೆ ನಾನು ಹಚ್ಚಿದ ದೇವರ ದೀಪವನ್ನು ಈಗ ಇವರು ಹಚ್ಚುತ್ತಾರೆ. ಊದುಬತ್ತಿಯನ್ನು ಮನೆಯಿಂದಲೇ ಹೊರಗೆ ಹಾಕಿದೆವು. ವಾಚನಕ್ಕೆ ಕರೆಯುವವರಿಗೂ ಮೊದಲೇ ತಿಳಿಸುತ್ತೇನೆ: ದೀಪ ಬೆಳಗಿಸಿ ಉದ್ಘಾಟನೆ ಮುಗಿದು, ದೀಪವನ್ನು ವೇದಿಕೆಯ ಆ ತುದಿಗೆ ಇಟ್ಟ ಮೇಲೆ ನಾನು ಬರುತ್ತೇನೆ. ಯಾರೂ ಬೇಸರಿಸಿಲ್ಲ.

ಮೂಗಿಗೆ ನಳಿಕೆ ಹಾಕಿಕೊಂಡು ವೇದಿಕೆಗೆ ಹೋಗುವುದೇ ಎಂಬ ಪ್ರಶ್ನೆ ಬಹಳ ಕಾಡಿತು. 2023ರಲ್ಲಿ ಹೆಗಲಿಗೆ ಹಾಕಿಕೊಳ್ಳುವ, ಬ್ಯಾಟರಿಯ ಚಿಕ್ಕ ಯಂತ್ರವನ್ನು ಮಗ ತಂದುಕೊಟ್ಟ. ಅದು ಸತತವಾಗಿ ಗಾಳಿ ಕೊಡುವುದಿಲ್ಲ. ಮೂಗಿನಿಂದ ಉಸಿರೆಳೆದದ್ದನ್ನು ಗ್ರಹಿಸಿ ಆಗಷ್ಟೇ ಒಂದು ಗುಕ್ಕು ಬಿಡುತ್ತದೆ. ಗಮಕಿಗಳು ಸಾಲಿನ ನಡುವೆ ಬಾಯಿಯಿಂದ ಚಕ್ಕನೆ ಉಸಿರು ಎಳೆದುಕೊಳ್ಳುವವರು. ಬಾಯಿಯಿಂದ ಎಳೆದರೆ ಯಂತ್ರಕ್ಕೆ ತಿಳಿಯುವುದೇ ಇಲ್ಲ, ಬರಬೇಕಾದದ್ದು ಬರುವುದಿಲ್ಲ. ಹಾಗಾಗಿ ಅರವತ್ತೇಳನೆಯ ವಯಸ್ಸಿನಲ್ಲಿ ಮೂಗಿನಿಂದ ಉಸಿರೆಳೆದು ಓದುವುದನ್ನು ಮೊದಲಿನಿಂದ ಅಭ್ಯಾಸ ಮಾಡಿದೆ. ಅದು ನಿಧಾನ. ನಿಲುಗಡೆ ಉದ್ದವಾಗುತ್ತದೆ, ರಾಗದ ಎಳೆತ ಕಿರಿದಾಗುತ್ತದೆ. ಫಿಸಿಯೋಥೆರಪಿಯವರು ಕಲಿಸಿದ, ತುಟಿ ಕಿರಿದು ಮಾಡಿ ಉದ್ದಕ್ಕೆ ಉಸಿರು ಬಿಡುವ ಕ್ರಮ ಇಲ್ಲಿ ಒದಗಿತು. ಆ ಶ್ರಾವಣದಲ್ಲಿ ಮಳೆ ಕೈಕೊಟ್ಟಿತ್ತು. ಮಳೆಗಾಗಿ ವಿರಾಟಪರ್ವ ಓದಿಸುವುದು ನಮ್ಮ ಕಡೆಯ ನಂಬಿಕೆ. ಕರೆ ಬಂತು, ಹೋದೆ. ನಳಿಕೆ ನೋಡಿ ಮುಂದಿನ ಸಾಲಿನ ಹೆಂಗಸರ ಕಣ್ಣಲ್ಲಿ ನೀರು ಬಂತು. ಹತ್ತನೆಯ ಪದ್ಯದ ಹೊತ್ತಿಗೆ ಉತ್ತರಕುಮಾರನ ಜಂಬಕ್ಕೆ ಅವರೇ ನಗುತ್ತಿದ್ದರು.

ಈಗ ಉದ್ದದ ಸಾಲುಗಳನ್ನು ನನ್ನ ಶಿಷ್ಯೆ ಎತ್ತಿಕೊಳ್ಳುತ್ತಾಳೆ. ಗಿಡ್ಡ ಸಾಲುಗಳು ನನ್ನವು. ಇದು ಸಂಪ್ರದಾಯವಲ್ಲ ಎಂದು ಆಕ್ಷೇಪಿಸಿದವರಿದ್ದಾರೆ. ಅವರ ಮಾತು ನಿಜ. ಆದರೆ ಪಕ್ಕದಲ್ಲಿ ಕೂತು ಸಾಲಿಗೆ ಸಾಲು ಕೊಡುವಾಗ ಅವಳು ಕಲಿಯುತ್ತಿರುವಷ್ಟು, ನಾನು ಇಡೀ ಪದ್ಯ ಓದಿ ಅವಳು ಒಪ್ಪಿಸಿದಾಗ ಕಲಿಯುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ರೋಗ ಪತ್ತೆಯಾದ ಮೇಲೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಎಂಬ ಮಾತನ್ನು ಮೊದಲ ವಾರವೇ ಓದಿದ್ದೆ. ಆ ಗಡುವು ದಾಟಿದೆ. ಶ್ವಾಸಕೋಶ ಕಸಿಯ ಮಾತು ಒಮ್ಮೆ ಬಂದಿತ್ತು. ವಯಸ್ಸೂ ಮೈತೂಕವೂ ಅದಕ್ಕೆ ಒದಗಲಿಲ್ಲ. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ನನ್ನ ಪಕ್ಕ ಕೂತು ಮುಂದಿನದನ್ನು ಮಾತಾಡಿದರು. ಈ ಕಾಯಿಲೆ ಒಮ್ಮೆಲೇ ಉಲ್ಬಣಿಸಿದಾಗ ವೆಂಟಿಲೇಟರಿನಿಂದ ಮರಳುವವರು ಬಹಳ ಕಡಿಮೆ. ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಅದರ ವಿಧಾನ ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ನಾನು ಕನ್ನಡದಲ್ಲೇ ಬರೆದೆ: ವೆಂಟಿಲೇಟರ್ ಬೇಡ. ಆಮ್ಲಜನಕ ಬೇಕು. ಏದುಸಿರಿನ ಸಂಕಟ ತಗ್ಗಿಸಲು ಸಣ್ಣ ಪ್ರಮಾಣದ ಮಾರ್ಫಿನ್ ಬೇಕು, ಕೊಡಲು ಹಿಂಜರಿಯಬಾರದು. ಆಗುವುದಾದರೆ ಮನೆ.

ನನ್ನ ಪರವಾಗಿ ನಿರ್ಧರಿಸುವವರ ಹೆಸರು ಹಾಕಬೇಕಿತ್ತು. ಇವರ ಹೆಸರಿನ ಕೆಳಗೆ ಮಗನದು. ಅವನು ಬೆಂಗಳೂರಿನಿಂದ ಬಂದು ಕಾಗದ ಓದಿ, "ಈಗಲೇ ಯಾಕಮ್ಮ?" ಎಂದ. "ಈಗ ನಾನೇ ಹೇಳಬಲ್ಲೆನಲ್ಲ, ಅದಕ್ಕೇ" ಎಂದೆ. ಬಹಳ ಹೊತ್ತು ವಾದ ಮಾಡಿದ. ಹೊಸ ಔಷಧಗಳ ಪ್ರಯೋಗ ನಡೆಯುತ್ತಿದೆ, ಕಾಯೋಣ ಎಂದ. ಕಾಯೋಣ, ಕಾಯುವುದಕ್ಕೆ ಈ ಕಾಗದ ಅಡ್ಡಬರುವುದಿಲ್ಲ ಎಂದು ನಾನೂ ಬಿಡದೆ ಹೇಳಿದೆ. ಸೊಸೆ ನಡುವೆ ಮಾತಾಡಲಿಲ್ಲ. ವಾದ ಮುಗಿದ ಮೇಲೆ ಕಾಗದ ತೆಗೆದುಕೊಂಡು, ಮಾರ್ಫಿನ್ ನಮ್ಮೂರಿನಲ್ಲಿ ಎಲ್ಲಿ ಸಿಗುತ್ತದೆ, ಯಾರು ಬರೆದುಕೊಡಬೇಕು, ರಾತ್ರಿ ಹೊತ್ತು ಬೇಕಾದರೆ ಯಾರಿಗೆ ಫೋನ್ ಮಾಡಬೇಕು ಎಂದು ನನ್ನನ್ನೇ ಕೇಳಿ ಬರೆದುಕೊಂಡಳು. ಆ ಕೊನೆಯ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ತಪಾಸಣೆಗೆ ತಾನೇ ಬಂದು ಡಾಕ್ಟರನ್ನು ಕೇಳುವುದಾಗಿ ಹೇಳಿದ್ದಾಳೆ.